‘ಶಿಕ್ಕಾ ಬಿದ್ರ ಸಾಕ್ರಿ’: ಪಾಠಯೋಜನೆ ಪುಸ್ತಕದೊಂದಿಗೆ ಒಂದು ಸಂದರ್ಶನ

ಬೆಳಗಾವಿಯ ಬಿ.ಎಡ್. ಕಾಲೇಜೊಂದರ ಸ್ಟಾಫ್ ರೂಮಿನ ಕಪಾಟಿನಲ್ಲಿ ಠೀವಿಯಿಂದ ಕೂತಿದ್ದ ಪಾಠಯೋಜನೆ ಪುಸ್ತಕ, ಮಾತಾಡಲು ಒಂದೇ ಷರತ್ತು ಹಾಕಿತು. ಕಾಲೇಜಿನ ಹೆಸರು ಬರೆಯಬಾರದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿ ಎಂದರೆ ಅಡ್ಡಿಯಿಲ್ಲ, ಅದು ಹೇಗೂ ರಟ್ಟಿನ ಮೇಲೆ ಅಚ್ಚಾಗಿದೆ.

ವಿಶ್ವವಿದ್ಯಾಲಯಕ್ಕೂ ಊರಿನ ಸರ್ಕಾರಿ ಶಾಲೆಗಳಿಗೂ ಇರುವ ನಂಟು ಎಂಥದು ಎಂದು ಪತ್ರಿಕೆಯ ಪ್ರತಿನಿಧಿ ಕೇಳಿದರು. ಪುಸ್ತಕ ಕೊನೆಯಲ್ಲಿ ಅಂಟಿಸಿದ್ದ ಹಾಳೆಯೊಂದನ್ನು ತೆರೆದು ತೋರಿಸಿತು.

“ಇದ ನೋಡ್ರಿ ನಂಟು. ಹೆಡ್‌ಮಾಸ್ತರ ಒಪ್ಪಿಗಿ ಪತ್ರ. ಕೆಳಗ ಶಿಕ್ಕಾ. ಶಿಕ್ಕಾ ಬಿದ್ರ ಸಾಕ್ರಿ.”

ಅದು ಹೇಳಿದ್ದು ಸುಳ್ಳಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯೂ ಶಾಲೆಗಳಿಂದ ಅಂಥದೇ ಮುಚ್ಚಳಿಕೆ ಕೇಳುತ್ತದೆ. 1000 ಮಕ್ಕಳವರೆಗಿನ ಶಾಲೆಗೆ 10 ಪ್ರಶಿಕ್ಷಣಾರ್ಥಿಗಳು, 2000ದವರೆಗೆ 20 ಮಂದಿ, ಅದಕ್ಕಿಂತ ಹೆಚ್ಚು ಬೇಡ ಎಂದೂ ಅದರಲ್ಲಿದೆ. ಖಾನಾಪುರದ ಕಾಡಂಚಿನ ಶಾಲೆಯ ಹಾಜರಿಯನ್ನು ಈ ನಿಯಮ ಬರೆದವರು ಕಂಡಿರಲಿಕ್ಕಿಲ್ಲ. ಅಲ್ಲಿ ಕೆಲವೆಡೆ ಹತ್ತು ಮಂದಿ ಹೋದರೆ ಮಕ್ಕಳನ್ನು ಹಂಚಿಕೊಳ್ಳಲು ಚೀಟಿ ಎತ್ತಬೇಕಾದೀತು.

ಇದೇ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿ, 20 ವಾರಗಳ ಶಾಲಾ ಇಂಟರ್ನ್‌ಶಿಪ್ ಸೇರಿಸಿತು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16. ಕಾಗದದ ಮೇಲೆ ಒಳ್ಳೆಯ ಯೋಚನೆಯೇ.

“ಹದಿನಾರು ವಾರ ಅಂದ್ರ ಸಾಲಿಯವ್ರಿಗೆ ಭಾಳ ಖುಷಿರಿ,” ಎಂದಿತು ಪುಸ್ತಕ. “ಗಣಿತದ ಮಾಸ್ತರು ವರ್ಗ ಆಗಿ ಹೋಗಿರ್ತಾರ. ವಿಜ್ಞಾನದ ಅಕ್ಕೋರು ಚುನಾವಣಿ ಕೆಲಸಕ್ಕ ಹೋಗಿರ್ತಾರ. ನಮ್ಮ ಹುಡುಗಿ ಹೋದ ದಿನಾನ ಕೈಯಾಗ ಖಡು ಕೊಟ್ಟು, ‘ಎಂಟನೇತ್ತಾ ನೋಡ್ಕೋ ತಂಗಿ’ ಅಂತಾರ.”

ಕಲಿಸುವುದನ್ನು ಆಕೆಗೆ ಕಲಿಸುವವರು ಯಾರು?

“ಮೆಂಟರ್ ಮಾಸ್ತರು ಅದಾರಲ್ರಿ. ತಾವು ಮೆಂಟರ್ ಆಗೇವಿ ಅನ್ನೂದು ಅವ್ರಿಗೆ ಗೊತ್ತಿರೂದಿಲ್ಲ, ಅಷ್ಟ.”

ತನ್ನ ಒಳಾಂಗಣದ ಬಗ್ಗೆ ಅದಕ್ಕೆ ಬಲು ಹೆಮ್ಮೆ. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ, ಪಾಠದ ಈ ಐದೂ ಹಂತ 40 ನಿಮಿಷದಲ್ಲಿ ಮುಗಿಯಬೇಕು. ನಡುವೆ ಮಗುವೊಂದು ಪ್ರಶ್ನೆ ಕೇಳಿದರೆ? “ಅದಕ್ಕ ಕಾಲಂ ಇಲ್ರಿ.”

ಮನೆಮಾತಿಗೂ ಕಾಲಂ ಇಲ್ಲ. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ಒಂದೇ ಇಲಾಖೆಯ ಕೆಳಗಿವೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಅಲ್ಲೆಲ್ಲ ಕನ್ನಡ ಕಲಿಯಲೇಬೇಕು. ಮನೆಯಲ್ಲಿ ಮರಾಠಿ ಆಡುವ ಹುಡುಗನಿಗೆ ಕನ್ನಡ ಕಲಿಸುವ ಬಗೆಯೂ, ಮನೆಯಲ್ಲೂ ಕನ್ನಡವನ್ನೇ ಆಡುವ ಅಥಣಿಯ ಹುಡುಗನಿಗೆ ಕಲಿಸುವ ಬಗೆಯೂ ಒಂದೇ ಆಗಲು ಸಾಧ್ಯವೆ?

“ಪೂರ್ವಜ್ಞಾನ ಅಂತ ಒಂದು ಸಾಲು ಐತ್ರಿ. ‘ಮಕ್ಕಳಿಗೆ ಈ ವಿಷಯದ ಸಾಮಾನ್ಯ ಅರಿವಿದೆ’ ಅಂತ ಎಲ್ಲಾರೂ ಬರೀತಾರ. ಹೋದ ವರ್ಷದ ಪುಸ್ತಕದಾಗೂ ಹಂಗ ಇತ್ತು. ಕಾಗುಣಿತದ ತಪ್ಪ ಸೈತ ಅದ.”

ಖಾನಾಪುರದ ಮಾತು ಬಂದಾಗ ಪುಸ್ತಕ ಸ್ವಲ್ಪ ಮುದುಡಿತು. ಬೆಳಗಾವಿಯಿಂದ ದೂರ ಸುಮಾರು 26 ಕಿಲೋಮೀಟರು. “ಪ್ಯಾಟಿತನಕ ರೈಲೂ ಐತಿ, ಬಸ್ಸೂ ಐತಿ. ಆದ್ರ ಜಾಂಬೋಟಿ ದಾಟಿ ಕಣಕುಂಬಿಗೆ ಅಂದ್ರ ಹೆಂಗ್ರಿ? ಗೈಡ್ ಸರ್ ಪಾಠ ನೋಡಿ, ಮಧ್ಯಾಹ್ನ ತಿರುಗಿ ಬಂದು ಕಾಲೇಜಿನ್ಯಾಗ ಪಿರಿಯಡ್ ತಗೋಬೇಕು. ಮಲಪ್ರಭಾ ಅಲ್ಲೇ ಹುಟ್ಟತಾಳ ಅಂತ ನನ್ನೊಳಗ ಬರದಾರ, ಚಾರ್ಟೂ ಮಾಡ್ಯಾರ. ಮತ್ತ ಹೋಗಿ ನೋಡೂದು ಎದಕ್ಕ?”

ಎಡವಟ್ಟು ಇರುವುದು ಇಲ್ಲಿಯೇ. 2022ರಲ್ಲಿ ರಾಜ್ಯ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆಯಿತು. ಕೌನ್ಸೆಲಿಂಗ್‌ನಲ್ಲಿ ಹೊಸಬರಿಗೆ ಉಳಿಯುವುದು ಹಳಬರು ಬಿಟ್ಟ ಜಾಗ. ನಗರದ ಶಾಲೆಯಲ್ಲಿ ಒಂದು ತರಗತಿ, ಒಂದು ವಿಷಯ, ಒಂದು ಪಿರಿಯಡ್ ಎಂದು ಪಳಗಿದವರು, ಖಾನಾಪುರದ ಭೀಮಗಡ ಕಾಡಿನ ಮಗ್ಗುಲಲ್ಲಿ ಒಂದೇ ಕೋಣೆಯೊಳಗೆ ಎರಡು ತರಗತಿಗಳ ಎದುರು ನಿಲ್ಲಬೇಕು. ಕಲಿತ ಶಾಲೆಗೂ ಕಲಿಸುವ ಶಾಲೆಗೂ ಮುಖಪರಿಚಯವೇ ಇಲ್ಲ.

ಅಮೆರಿಕದ ಬಾಸ್ಟನ್ನಿನ ಸರ್ಕಾರಿ ಶಾಲೆಗಳು 2003ರಲ್ಲಿ ಆರಂಭಿಸಿದ ಕ್ರಮದ ಬಗ್ಗೆ ಪ್ರತಿನಿಧಿ ವಿವರಿಸಿದರು. ಹೊಸಬರು ಇಡೀ ಒಂದು ವರ್ಷ ಅನುಭವಿ ಶಿಕ್ಷಕರ ತರಗತಿಯಲ್ಲೇ ಇದ್ದು ಕಲಿಯುತ್ತಾರೆ, ಆಮೇಲೆ ಅದೇ ಊರಿನ ಶಾಲೆಗಳಲ್ಲಿ ಮೂರು ವರ್ಷ ಕಲಿಸುವ ಮಾತು ಕೊಡುತ್ತಾರೆ.

“ಅಲ್ಲೆ ಪಾಠಯೋಜನೆಗೆ ಅಂಕ ಎಷ್ಟ್ರಿ?” ಎಂದಿತು ಪುಸ್ತಕ.

ಅಷ್ಟು ದೂರ ಬೇಡ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ತನ್ನದೇ ಪ್ರಾತ್ಯಕ್ಷಿಕ ಶಾಲೆ ಇದೆಯಲ್ಲ ಎಂದರೆ, “ಆವರಣದಾಗ ಸಾಲಿ ಇದ್ರ ಬಸ್ ಪಾಸಿನ ರೊಕ್ಕ ಉಳೀತೈತಿ ನೋಡ್ರಿ” ಎಂದು ತಲೆದೂಗಿತು. 2020ರ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಬಿ.ಎಡ್. ಬಯಸುತ್ತದೆ ಎಂದಾಗಲಂತೂ ಅದಕ್ಕೆ ಸಂತೋಷ ತಡೆಯಲಾಗಲಿಲ್ಲ: ತಾನಿನ್ನು ನಾಲ್ಕು ಸಂಪುಟ!

ಅಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕರು ಬಂದರೆಂದು ಜವಾನ ಕಪಾಟಿಗೆ ಕೈ ಹಾಕಿದ. ಪುಸ್ತಕ ಅವನ ಕಂಕುಳಿನಿಂದಲೇ ಕೂಗಿ ಹೇಳಿತು: “ಈ ಸಂದರ್ಶನದ್ದೊಂದು ಝೆರಾಕ್ಸ್ ಕಳಸ್ರಿ. ಸಮುದಾಯ ಸಂಪರ್ಕ ಚಟುವಟಿಕಿ ಅಂತ ಹಚ್ಚಿ ಐದು ಮಾರ್ಕ್ಸ್ ತಗೋತೀನಿ!”