ರೈಲಿಲ್ಲದ ಊರಿನ ಸ್ಟೇಶನ್ ಮಾಸ್ತರ

ಮಡಿವಾಳ ಮಾಚಿದೇವರ ಜನ್ಮದಿಂದ ಪಾವನವಾಗಿ, ರಾವುತರಾಯ ಮಲ್ಲಯ್ಯನ ಜಾತ್ರೆಯಿಂದ ಹೆಸರಾಗಿ, ಈಚೆಗೆ ತಾಲ್ಲೂಕೆಂಬ ಪದವಿಯನ್ನೂ ಸಂಪಾದಿಸಿಕೊಂಡಿರುವ ನಮ್ಮ ದೇವರ ಹಿಪ್ಪರಗಿಗೆ ಒದಗದೆ ಉಳಿದ ಭಾಗ್ಯವೆಂದರೆ ರೈಲು. ಮುದ್ದೇಬಿಹಾಳದವರಿಗಾದರೂ ಆಲಮಟ್ಟಿ–ಯಾದಗಿರಿ ಮಾರ್ಗದ ಕನಸೊಂದು ತಲೆಮಾರುಗಳಿಂದ ಆಸ್ತಿಯಂತೆ ಕೈದಾಟಿ ಬಂದಿದೆ. ನಾವು ವಿಜಯಪುರಕ್ಕೋ ಇಂಡಿ ರೋಡಿಗೋ ಬಸ್ಸಿನಲ್ಲಿ ಹೋಗಿ ಪರರ ಊರಿನ ರೈಲನ್ನು ಹತ್ತತಕ್ಕವರು. ನಿತ್ಯವೂ ರೈಲನ್ನು ಕಾಣುವವನು ಅದು ತಡವಾಯಿತೆಂದು ಬಯ್ಯುತ್ತಾನೆ. ಎಂದೋ ಒಮ್ಮೆ ಕಾಣುವವನು ಅದು ನಿಂತಷ್ಟು ಹೊತ್ತೂ ದರ್ಶನಲಾಭವಾಯಿತೆಂದು ಹಿಗ್ಗುತ್ತಾನೆ. ಆದಕಾರಣ ರೈಲಿನ ಮೇಲಣ ನಿಷ್ಕಾಮ ಭಕ್ತಿಯು ರೈಲಿಲ್ಲದ ಊರಿನಲ್ಲಿಯೇ ಹುಟ್ಟತಕ್ಕದ್ದೆಂಬುದು ನನ್ನ ಸಿದ್ಧಾಂತ.

ಈ ಸಿದ್ಧಾಂತವನ್ನು ಆಚರಣೆಗೆ ತರುವ ಯೋಗ ಕೂಡಿಬಂದದ್ದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ. ಮಗನ ಮನೆಯಿರುವ ಫ್ರೀಮಾಂಟ್ ನಗರದ ನೈಲ್ಸ್ ಎಂಬ ಭಾಗದಲ್ಲಿ, ಸದರ್ನ್ ಪೆಸಿಫಿಕ್ ಕಂಪನಿಯವರು 1901ರಲ್ಲಿ ಕಟ್ಟಿಸಿದ ಮರದ ನಿಲ್ದಾಣವೊಂದಿದೆ. ಪ್ರಯಾಣಿಕರು ಅದನ್ನು ತೊರೆದ ಮೇಲೆ, ಇಡಿಯ ಕಟ್ಟಡವನ್ನೇ ಬೇರೊಂದೆಡೆಗೆ ಸಾಗಿಸಿ, ಮತ್ತೆ ಹಳೆಯ ನೆರೆಗೇ ಮರಳಿ ತಂದು, ಸಂಗ್ರಹಾಲಯವನ್ನಾಗಿ ಮಾಡಿ, ಅಲ್ಲಿ ಪುಟಾಣಿ ರೈಲುಗಳನ್ನು ಓಡಿಸುತ್ತಿರುವವರು ಸಂಬಳದ ನೌಕರರಲ್ಲ, ಸ್ವಯಂಸೇವಕರು. ಪಕ್ಕದ ಕಣಿವೆಯಲ್ಲಿ ಸಾಕ್ಷಾತ್ ಉಗಿಬಂಡಿಯನ್ನು 1988ರಿಂದ ನಡೆಸಿಕೊಂಡು ಬಂದಿರುವವರೂ ಸ್ವಯಂಸೇವಕರೇ. ನಮ್ಮಲ್ಲಿ ವಯಸ್ಸಾದವರು ಕಟ್ಟೆಯ ಮೇಲೆ ಕುಳಿತು ದಿಲ್ಲಿಯ ರಾಜ್ಯಭಾರವನ್ನು ತಿದ್ದುತ್ತಿರುತ್ತಾರೆ. ಅಲ್ಲಿಯವರು ಎಣ್ಣೆಯ ಕೈಗಳಿಂದ ಚಕ್ರವನ್ನು ತಿಕ್ಕುತ್ತಿರುತ್ತಾರೆ. ನಾನೂ ಅವರ ನಡುವೆ ಸೇರಿಕೊಂಡೆ. ನನಗೆ ದೊರೆತ ಅಧಿಕಾರವೆಂದರೆ ನೆಲ ಗುಡಿಸುವುದು ಹಾಗೂ ಮಕ್ಕಳು ಗಾಡಿಗೆ ಕೈ ಹಾಕದಂತೆ ಕಾಯುವುದು. ನಿಮ್ಮ ಊರಿನ ನಿಲ್ದಾಣವೆಂಥದೆಂದು ವೃದ್ಧರೊಬ್ಬರು ವಿಚಾರಿಸಿದರು. ಇಲ್ಲವೆಂದೆ. ಯಾವಾಗ ಮುಚ್ಚಿದರೆಂದು ಮರುಕದಿಂದ ಕೇಳಿದರು. ಇನ್ನೂ ತೆರೆದಿಲ್ಲವೆಂದೆ.

ಊರಿಗೆ ಮರಳಿದ ತರುವಾಯ ಮಾಳಿಗೆಯ ಕೋಣೆಯಲ್ಲಿ ಇಂಡಿ ರೋಡ್ ನಿಲ್ದಾಣವನ್ನು ಕಟ್ಟತೊಡಗಿದೆನು. ಧಾತು ಸಂವತ್ಸರದ ಬರಗಾಲದಲ್ಲಿ ಕಾಳು ಬಂದು ಮುಟ್ಟದೆ ಜನ ಬೀದಿಪಾಲಾದ ಈ ಸೀಮೆಗೆ ಇನ್ನು ಮುಂದಾದರೂ ಕಾಳು ಬರಲೆಂದು ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಹಾಕಿದ ಹೊಟಗಿ–ಗದಗ ಮಾರ್ಗ ಅದು. ಅದರ ಮೀಟರ್ ಗೇಜು ಈ ಶತಮಾನದ ಮೊದಲ ದಶಕದಲ್ಲಿ ಅಳಿದು ಬ್ರಾಡ್ ಗೇಜು ಬಂದಿತು. ನಾನು ಕಟ್ಟುತ್ತಿರುವುದು ಅಳಿದುದನ್ನು. ಪುಣೆಯ ಕೋಥ್ರೂಡಿನಲ್ಲಿ 1998ರಿಂದ ನಡೆಯುತ್ತಿರುವ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯದಲ್ಲಿರುವಂತೆ ನನ್ನದೂ ಎಚ್‌ಒ ಪ್ರಮಾಣ. ಅಂದರೆ ಎಲ್ಲವೂ ಎಂಬತ್ತೇಳರಲ್ಲಿ ಒಂದು ಪಾಲು. ಮೀಟರ್ ಗೇಜಿನ ಹಳಿಗಳ ನಡುವಿನ ಅಂತರ ಹನ್ನೊಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಐದೂವರೆ ಅಡಿಯ ಸ್ಟೇಶನ್ ಮಾಸ್ತರ ಹತ್ತೊಂಬತ್ತಕ್ಕೆ ಕುಗ್ಗುತ್ತಾನೆ. ನಮ್ಮ ಸೀಮೆಯ ಜೋಳದ ಕಾಳೊಂದು ಉರುಳಿ ಬಂದು ಅವನ ಪಕ್ಕದಲ್ಲಿ ನಿಂತರೆ ಒಂದಡಿಯನ್ನು ಮೀರಿದ ಗುಂಡಾಗುತ್ತದೆ.

ಸಂಸಾರದಲ್ಲಿ ವಿರಸ ಹುಟ್ಟಿದ್ದು ಜಲ್ಲಿಯ ವಿಷಯದಲ್ಲಿ. ಹಳಿಯ ಕೆಳಗಿನ ಎರಡಂಗುಲದ ಕಲ್ಲು ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನಾಗಿರಬೇಕು. ಗಣಿತವನ್ನು ಹೇಗೆ ತಿರುಗಿಸಿದರೂ ಅದು ಅಡುಗೆಮನೆಯ ರವೆಯ ಡಬ್ಬಿಯ ಮುಂದೆಯೇ ಹೋಗಿ ನಿಲ್ಲುತ್ತಿತ್ತು. ಅತಿಥಿಗಳಿಗೆ ಶಿರಾ ಮಾಡಲು ಇಲ್ಲದ ರವೆ ಕಟ್ಟಿಗೆಯ ಮಾಸ್ತರನಿಗೆ ಏಕೆಂದು ಮನೆಯಾಕೆ ಕೇಳಿದುದಕ್ಕೆ ಶಾಸ್ತ್ರಗಳಲ್ಲಿ ಉತ್ತರವಿಲ್ಲ. ಇರುವೆಗಳೂ ಆಕೆಯ ಪಕ್ಷವನ್ನೇ ವಹಿಸುವ ಸಂಭವವಿದ್ದಿತು. ಇಲ್ಲಿ ಒಂದೊಂದು ಇರುವೆಯೂ ಗೇಣನ್ನು ಮೀರಿದ ಮೃಗ, ಗೋಡೆಯ ಹಲ್ಲಿಯಂತೂ ಮೂವತ್ತಡಿಯ ಸಮೀಪದ ರಾಕ್ಷಸ. ಕೊನೆಗೆ ಜರಡಿ ಹಿಡಿದ ಮರಳಿನಿಂದ ಸಂಧಿಯಾಯಿತು. ಸಂಜೆಯ ಹೊತ್ತು ಓಣಿಯ ಮಕ್ಕಳು ನೆರೆಯುವರು; ಕರೆಂಟು ಹೋಗಿ ಗಾಡಿ ನಡುದಾರಿಯಲ್ಲಿ ನಿಂತರೆ, ಸಿಗ್ನಲ್ ಸಿಕ್ಕಿಲ್ಲವೆಂದು ತಮ್ಮ ತಮ್ಮೊಳಗೆ ಹೇಳಿಕೊಂಡು ಬಹು ಸಹನೆಯಿಂದ ಕುಳಿತಿರುವರು.

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ಸಂಗ್ರಹಾಲಯಕ್ಕೂ ಹೋಗಿ ಬಂದೆ. ನ್ಯಾರೋ ಗೇಜಿನ ಎಂಜಿನುಗಳನ್ನು ಕಣ್ತುಂಬ ಕಂಡೆ, ಆದರೆ ನನಗೆ ಬೇಕಾದ ಇಂಡಿ ರೋಡ್ ನಿಲ್ದಾಣದ ಕಿಟಕಿಯ ಅಳತೆ ಅಲ್ಲಿ ಸಿಗುವಂಥದಲ್ಲ. ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಮೀಟರ್ ಗೇಜಿನ ಕಾಲದಲ್ಲಿ ಇಂಡಿ ರೋಡಿನಲ್ಲಿ ಇಳಿದ ಮದುವೆಯ ದಿಬ್ಬಣದ ಚಿತ್ರವೇನಾದರೂ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದು, ಅದರಲ್ಲಿ ನಿಲ್ದಾಣದ ಕಟ್ಟಡ ಕಾಣುತ್ತಿದ್ದರೆ, ದಯವಿಟ್ಟು ಅದರ ಒಂದು ಪ್ರತಿಯನ್ನು ದೇವರ ಹಿಪ್ಪರಗಿಗೆ ಮುಟ್ಟಿಸಿರಿ. ವಧೂವರರು ಮಸುಕಾಗಿದ್ದರೂ ಚಿಂತೆಯಿಲ್ಲ, ಕಿಟಕಿ ಸ್ಪಷ್ಟವಾಗಿರಬೇಕು.