ಎರಡು ಗೇರು, ಎರಡೂ ಮುಂದಕ್ಕೆ

ಮೋಟಾರ್ ಸೈಕಲ್ ಮಾಡೋಣವೆಂದು ಎಂಜಿನ್ ತಂದವರು ಕೊನೆಗೆ ಕಾರನ್ನೇ ಮಾಡಿಬಿಟ್ಟರು. ಪೂರ್ತಿ ಕಾರಲ್ಲ ಬಿಡಿ, ಒಂದು ಚಕ್ರ ಕಮ್ಮಿ.

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಎಚ್.ಎಫ್.ಎಸ್. ಮಾರ್ಗನ್ ಪಾದ್ರಿಯ ಮಗ. 1909ರಲ್ಲಿ ಅವರ ಬಳಿ ಪೂಜೋ ಕಂಪನಿಯ 7 ಅಶ್ವಶಕ್ತಿಯ ವಿ-ಟ್ವಿನ್ ಎಂಜಿನ್ ಇತ್ತು. ಎಂಜಿನಿಯರಿಂಗ್ ಮೇಷ್ಟ್ರೊಬ್ಬರು ಶಾಲೆಯ ವರ್ಕ್‌ಶಾಪಿನಲ್ಲಿ ಕೈಜೋಡಿಸಿದರು. ಕೊಳವೆಗಳ ಚಾಸಿ, ಮುಂದೆ ಎರಡು ಚಕ್ರ, ಹಿಂದೆ ಒಂದು, ಅದನ್ನು ತಿರುಗಿಸಲು ಚೈನು. ಸ್ಟೀರಿಂಗ್ ಚಕ್ರದ ಜಾಗದಲ್ಲಿ ದೋಣಿಯ ಚುಕ್ಕಾಣಿಯಂಥ ಹಿಡಿ. ಸೀಟು ಮಾತ್ರ ಒಂದೇ!

ಎಡವಟ್ಟಾದದ್ದು ಅಲ್ಲೇ. 1910ರಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನಕ್ಕೆ ಬಂದವರು ಗಾಡಿಯನ್ನು ಕಣ್ತುಂಬ ನೋಡಿದರು, ಜೇಬಿಗೆ ಕೈ ಹಾಕಿದವರು ಕಡಿಮೆ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಝೂಮ್ಮೆಂದು ಹೋಗಿ, ಆಮೇಲೆ ಅದೇ ಮನೆಗೆ ವಾಪಸು ಬರುವ ಧೈರ್ಯ ಎಷ್ಟು ಜನಕ್ಕಿದ್ದೀತು? ಮಾರ್ಗನ್ ಎರಡು ಸೀಟಿನ ಗಾಡಿ ಮಾಡಿದರು. ಆರ್ಡರ್‌ಗಳು ಬರತೊಡಗಿದವು, ಹ್ಯಾರಡ್ಸ್ ಅಂಗಡಿಯ ಗಾಜಿನ ಕಿಟಕಿಯಲ್ಲೂ ಅದು ಠೀವಿಯಿಂದ ನಿಂತಿತು.

ಅದಕ್ಕಿದ್ದದ್ದು ಎರಡೇ ಗೇರು, ರಿವರ್ಸ್ ಇಲ್ಲವೇ ಇಲ್ಲ. ಗಲ್ಲಿಯಲ್ಲಿ ಸಿಕ್ಕಿಹಾಕಿಕೊಂಡರೆ ಇಳಿದು ತಳ್ಳಬೇಕು. ಹಗುರವಾದ ಮೂರು ಚಕ್ರದ ಗಾಡಿಗೆ ಬ್ರಿಟನ್ನಿನಲ್ಲಿ ಮೋಟಾರ್ ಸೈಕಲ್ಲಿನ ತೆರಿಗೆ ಸಾಕಾಗುತ್ತಿತ್ತು. ಕಾರಿನ ತೆರಿಗೆ ಉಳಿಯುತ್ತದೆ ಎಂದರೆ ಸ್ವಲ್ಪ ತಳ್ಳುವುದಕ್ಕೆ ಯಾರು ಬೇಡವೆನ್ನುತ್ತಾರೆ?

1930ರ ದಶಕದಲ್ಲಿ ರಿವರ್ಸ್ ಗೇರೂ ಬಂತು. 1950ರ ದಶಕದಲ್ಲಿ ನಿಂತುಹೋಗಿದ್ದ ಈ ಗಾಡಿಯನ್ನು ಮಾರ್ಗನ್ ಕಂಪನಿ 2011ರಲ್ಲಿ ಮತ್ತೆ ರಸ್ತೆಗಿಳಿಸಿತು, ವಿ-ಟ್ವಿನ್ ಎಂಜಿನ್ ಮೊದಲಿನಂತೆ ಮೂತಿಯ ಹೊರಗೇ.