ಊರೂರು ಬರೆದವನ ಕೊತ್ತಂಬರಿ ಸೊಪ್ಪು

ಪ್ರವಾಸಕಥನ ಬರೆದು ನಿವೃತ್ತನಾದವನಿಗೆ ಪೆನ್ಷನ್ ಇಲ್ಲ. ಇರುವುದು ಮಂಡಿನೋವು, ಹಳೆಯ ಟಿಕೆಟ್ಟುಗಳ ಡಬ್ಬಿ, ಮತ್ತೆ "ಅಂಕಲ್, ಗೋವಾದಲ್ಲಿ ಅಗ್ಗದ ಲಾಡ್ಜ್ ಯಾವುದು?" ಎಂದು ಕೇಳುವ ಠಾಣೆಯ ಕೋಪರಿಯಲ್ಲಿರುವ ನಮ್ಮ ಬಿಲ್ಡಿಂಗಿನ ಹುಡುಗರು.

ಆದರೂ ಈ ಕಸುಬಿನ ಮೇಲೆ ಮೋಹ ಹೋಗಿಲ್ಲ. ಗೊರೂರರು ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ನನಗೆ ಬಂದದ್ದು ಸಂಪಾದಕರ ಕಾರ್ಡು: "ಊಟದ ವರ್ಣನೆ ಕಡಿಮೆ ಮಾಡಿ." ಊಟ ಬಿಟ್ಟರೆ ಪ್ರವಾಸದಲ್ಲಿ ಉಳಿಯುವುದೇನು? ರೈಲಿನ ಕಾಯುವಿಕೆ ಮಾತ್ರ!

ರೈಲಿನ ವಿಷಯದಲ್ಲಿ ಮಾತ್ರ ನಮ್ಮ ಠಾಣೆಯವರು ಯಾರಿಗೂ ಬಗ್ಗಬೇಕಿಲ್ಲ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಇಲ್ಲೇ. 34 ಕಿಲೋಮೀಟರು, 14 ಡಬ್ಬಿ, ಸುಮಾರು 400 ಅತಿಥಿಗಳು; ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್ನು. ಹೊರಡುವಾಗ 21 ತೋಪು ಬೇರೆ. ಈಗ ಒಂದೊಂದು ಡಬ್ಬಿಯಲ್ಲೇ ಅಷ್ಟು ಜನ, ತೋಪಿನ ಬದಲು ಮೊಣಕೈ. ಆ 400 ಜನರಲ್ಲಿ ಒಬ್ಬನಾದರೂ ಕನ್ನಡದಲ್ಲಿ ನಾಲ್ಕು ಸಾಲು ಗೀಚಿದ್ದರೆ ನನ್ನ ಕುಲಗುರು ಅವನೇ ಆಗುತ್ತಿದ್ದ.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ನನ್ನಾಕೆ ಕೈಗೆ ಚೀಲ ಕೊಡುತ್ತಾಳೆ. "ಬದರಿ, ಕೇದಾರ ಎಲ್ಲ ಬರೆದಿರಲ್ಲ, ಕೆಳಗಿನ ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ತನ್ನಿ. ವರ್ಣನೆ ಬೇಡ, ಕಟ್ಟು ದಪ್ಪ ಇರಲಿ."